ತಕಾಯಾಮಾದಲ್ಲಿ ನನ್ನ ಕ್ಯಾಲ್ಸಿಯಂ ಡಬ್ಬಿ

ವಸತಿಮನೆ, ಬೆಳಗಿನ ಐದು ಗಂಟೆ

ಐದಕ್ಕೆ ಎಚ್ಚರವಾಯಿತು. ಸಾಗರದ ಮನೆಯಲ್ಲಾದರೆ ಈ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ, ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಕುಕ್ಕರಿಗೆ ಬೇಳೆ ತೊಳೆದು ಹಾಕುತ್ತಿದ್ದೆ. ಜಪಾನಿಗೆ ಬಂದು ಐದನೆಯ ದಿನವಾದರೂ ಕೈ ಆ ಕೆಲಸಗಳನ್ನು ಹುಡುಕುತ್ತಿತ್ತು. ಬೇರೇನೂ ಸಿಗದೆ ಹಾಸಿಗೆ ಮಡಿಸಿದೆ. ತಕಾಯಾಮಾ ಎಂಬ ಈ ಗುಡ್ಡದೂರಿನಲ್ಲಿ ನಾವು ಇಳಿದುಕೊಂಡ ಹಳೆಯ ಮರದ ವಸತಿಮನೆಯಲ್ಲಿ ಮಂಚವಿಲ್ಲ, ಹುಲ್ಲಿನ ಚಾಪೆಯ ಮೇಲೆ ಹಾಸಿಗೆ. ಅದನ್ನು ಮಡಿಸುವುದು ತನ್ನ ಕೆಲಸವೆಂದು ಯಜಮಾನಿ ಮೊದಲ ದಿನವೇ ಸೊಂಟ ಬಗ್ಗಿಸಿ, ಕೈಸನ್ನೆ ಮಾಡಿ ತಿಳಿಸಿದ್ದಳು. ನಾನು ಕೇಳಲಿಲ್ಲ. ನಿನ್ನೆ ನಾನು ನಾಲ್ಕು ಮಡಿಕೆ ಮಾಡಿಟ್ಟದ್ದನ್ನು ಆಕೆ ಬಂದು ಬಿಚ್ಚಿ ಮೂರು ಮಡಿಕೆ ಮಾಡಿದಳು. ಒಂದು ಮಾತೂ ಆಡಲಿಲ್ಲ. ನಮ್ಮೂರಲ್ಲಿ ಹೀಗೆ ಮಾತಾಡದೆ ತಿದ್ದುವವರು ಅತ್ತೆಯಂದಿರು ಮಾತ್ರ.

ಪಕ್ಕದ ಹಾಸಿಗೆಯಲ್ಲಿ ಗಿರಿಜಕ್ಕ ಇನ್ನೂ ಮಲಗಿದ್ದರು. ಸಾಗರದಲ್ಲಿ ಅವರದು ನಮ್ಮ ಕಾಂಪೌಂಡಿಗೆ ತಾಗಿದ ಮನೆ. ನಮ್ಮ ಬಡಾವಣೆಯ ಹದಿನಾಲ್ಕು ಹೆಂಗಸರು ಸೇರಿ, ಗಂಡಂದಿರಿಗೆ ಹತ್ತು ದಿನದ ಚಟ್ನಿಪುಡಿ, ಗೊಜ್ಜು ಮಾಡಿಟ್ಟು ಹೊರಟ ಪ್ರವಾಸ ಇದು. ತಾಳಗುಪ್ಪದಿಂದ ಬರುವ ರೈಲನ್ನು ಸಾಗರದಲ್ಲಿ ಹತ್ತಿದಾಗಿನಿಂದ ಗಿರಿಜಕ್ಕ ನನ್ನ ಜೊತೆ. ಮೊದಲ ದಿನ ಅವರು ಕಕ್ಕಸಿಗೆಂದೇ ಇಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ನೇರ ಊಟದ ಕೋಣೆಗೆ ಬಂದರು. ಇಲ್ಲಿ ಅದಕ್ಕೆ ಬೇರೆ ಚಪ್ಪಲಿ, ಅದು ಆ ಬಾಗಿಲು ದಾಟುವಂತಿಲ್ಲ. ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ನಮ್ಮ ಮಡಿಯವರು ಇವರ ಮುಂದೆ ಏನೂ ಅಲ್ಲ ಎಂದು ಗಿರಿಜಕ್ಕ ಎರಡು ದಿನ ಹೇಳಿಕೊಂಡು ನಕ್ಕರು.

ಐದೂವರೆಗೆ ದಿಂಬಿನಡಿ ಫೋನು ನಡುಗಿತು. ಸದ್ದು ಮಾಡದ ಅಲಾರಂ. ಬ್ಯಾಗಿನಿಂದ ಬಿಳಿ ಡಬ್ಬಿ ತೆಗೆದು, ಬಚ್ಚಲಿನ ಬೇಸಿನ್ನಿನ ಬಳಿ ಹೋಗಿ, ಒಂದು ಮಾತ್ರೆ ನುಂಗಿದೆ. ಡಬ್ಬಿಯ ತಳ ಇಷ್ಟು ಬೇಗ ಕಾಣುತ್ತಿದೆಯಲ್ಲ ಅನ್ನಿಸಿತು. ಊರಲ್ಲಿ ತುಂಬುವಾಗಲೇ ಕಡಿಮೆ ಹಾಕಿರಬೇಕು ಎಂದುಕೊಂಡು ಅದನ್ನು ಕಪಾಟಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಆ ಡಬ್ಬಿಯ ಮೇಲೆ ಕ್ಯಾಲ್ಸಿಯಂ ಎಂದಿದೆ. ಒಳಗಿರುವುದು ಮೂರ್ಛೆರೋಗದ ಮಾತ್ರೆ. ಇದನ್ನು ಬರೆಯಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ. ಬರೆಯುತ್ತಿದ್ದೇನೆ. ಪ್ರವಾಸ ಕಥನದಲ್ಲಿ ಇದೆಲ್ಲ ಯಾಕೆ, ಅಲ್ಲಿನ ಕೆಂಪು ಎಲೆಯ ಮರಗಳ ಬಗ್ಗೆ ಹೇಳಿ ಎನ್ನುವವರು ದಯವಿಟ್ಟು ಬೇರೆ ಪುಟ ತೆಗೆಯಿರಿ. ಮರಗಳು ಚೆನ್ನಾಗಿದ್ದವು.

ಡಬ್ಬಿಯ ಹಿಂದಿನ ಊರುಗಳು

ಹದಿಮೂರನೆಯ ವಯಸ್ಸಿನಲ್ಲಿ, ಕಾನ್ವೆಂಟಿನ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಾನು ಮೊದಲ ಸಲ ಬಿದ್ದೆ. ಆಮೇಲೆ ಗೆಳತಿಯರು ಹೇಳಿದ್ದು: ನಮ್ಮ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಹೊರಳಿಸಿ, ತಮ್ಮ ಸ್ವೆಟರನ್ನು ತಲೆಯಡಿ ಇಟ್ಟು, ಉಳಿದವರಿಗೆ ಹಾಡು ನಿಲ್ಲಿಸಬೇಡಿ ಎಂದರಂತೆ. ಮನೆಯಲ್ಲಿ ಬಿದ್ದಾಗ ಕೈಗೆ ಕಬ್ಬಿಣದ ಬೀಗದ ಕೈ ಒತ್ತಿದರು, ಮೂಗಿಗೆ ಈರುಳ್ಳಿ ಹಿಡಿದರು. ಅಪ್ಪನ ತಂಗಿಗೂ ಇದೇ ಇತ್ತು. ನಿಟ್ಟೂರಿನ ಹತ್ತಿರ ಮನೆ. ಆಗ ಅಲ್ಲಿಂದ ಡಾಕ್ಟರರ ಹತ್ತಿರ ಹೋಗಬೇಕೆಂದರೆ ಯಾರದಾದರೂ ಜೀಪು ಕಾಯಬೇಕಿತ್ತು, ಹೋದರೂ ಆ ಮಾತ್ರೆ ಯಾವಾಗಲೂ ಸಿಗುತ್ತಿರಲಿಲ್ಲ. ಆ ಅತ್ತೆಯನ್ನು ಬಾವಿಯ ಹತ್ತಿರ ಬಿಡುತ್ತಿರಲಿಲ್ಲ, ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಮದುವೆಮನೆಗೆ ಕರೆಯುತ್ತಿರಲಿಲ್ಲ. ಬಟ್ಟೆ ಒಗೆಯಲು ಹಳ್ಳಕ್ಕೆ ಮಾತ್ರ ಬಿಟ್ಟರು. ಮೊಣಕಾಲುದ್ದದ ನೀರಿನಲ್ಲಿ ಆಕೆ ತೀರಿಕೊಂಡಳು. ಇಪ್ಪತ್ತೆಂಟು ವಯಸ್ಸು.

ನನ್ನ ಪುಣ್ಯಕ್ಕೆ ತೀರ್ಥಹಳ್ಳಿಯ ಒಬ್ಬ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಒಂದು ಸಾಧಾರಣ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿಕೊಂಡೇ ಓದಿದೆ, ಮದುವೆಯಾದೆ, ಮಗಳನ್ನು ಹೆತ್ತೆ, ಬಾವಿಯಿಂದ ನೀರು ಸೇದಿದೆ, ನೂರು ಜನಕ್ಕೆ ಬಡಿಸಿದೆ. ಕೊನೆಯ ಸಲ ಬಿದ್ದು ಇಪ್ಪತ್ತಾರು ವರ್ಷವಾಯಿತು. ಹಿಂದಿನವರು ಮಾತ್ರೆಯೇ ಇಲ್ಲದೆ ಗಟ್ಟಿಯಾಗಿದ್ದರು, ಈಗಿನವರು ಊಟಕ್ಕಿಂತ ಹೆಚ್ಚು ಮಾತ್ರೆ ತಿನ್ನುತ್ತಾರೆ ಎಂದು ಯಾರಾದರೂ ಭಾಷಣ ಮಾಡಿದಾಗೆಲ್ಲ ನನಗೆ ಆ ಹಳ್ಳದ ನೀರು ನೆನಪಾಗುತ್ತದೆ. ಗಟ್ಟಿಯಾಗಿ ಉಳಿದವರಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ಉಳಿಯದವರು ಯಾರ ಭಾಷಣದಲ್ಲೂ ಇಲ್ಲ.

ಆದರೆ ಮಾತ್ರೆ ಸುಲಭವಾದದ್ದರಿಂದ ಇನ್ನೊಂದೂ ಆಯಿತು. ಮೊದಲು ರೋಗ ಎಲ್ಲರಿಗೂ ಕಾಣುತ್ತಿತ್ತು, ಸಂತೆಯಲ್ಲೇ ಬೀಳುತ್ತಿದ್ದರು. ಈಗ ನಮ್ಮ ಕಡೆ ಯಾರೂ ಬೀಳುವುದಿಲ್ಲ. ಬೀಳದ ಮೇಲೆ ಯಾರಿಗೂ ಆ ರೋಗವಿಲ್ಲ. ಮುಚ್ಚಿಡುವುದು ಎಷ್ಟು ಸಲೀಸಾಯಿತೆಂದರೆ ಮುಚ್ಚಿಡದೇ ಇರಲು ಕಾರಣವೇ ಉಳಿಯಲಿಲ್ಲ. ನಮ್ಮ ಬೀದಿಯಲ್ಲೇ ಎರಡು ಮೆಡಿಕಲ್ ಶಾಪ್ ಇದ್ದರೂ ನಮ್ಮ ಮನೆಯವರು ಹೊಸನಗರಕ್ಕೆ ಹೋಗಿ ನನ್ನ ಮಾತ್ರೆ ತರುತ್ತಾರೆ. ಒಂದು ತಿಂಗಳೂ ತಪ್ಪಿಸಿದವರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ತಂದಮೇಲೆ ಇಬ್ಬರೂ ಕೂತು ಹಾಳೆಯಿಂದ ಒಂದೊಂದೇ ಒತ್ತಿ ತೆಗೆದು ಕ್ಯಾಲ್ಸಿಯಂ ಡಬ್ಬಿಗೆ ತುಂಬುತ್ತೇವೆ. ಹಾಳೆಯನ್ನು ಬಚ್ಚಲೊಲೆಗೆ ಹಾಕುತ್ತೇವೆ.

ಹೊಳೆ ದಂಡೆಯ ಸಂತೆ

ತಕಾಯಾಮಾದ ಹೊಳೆ ದಂಡೆಯಲ್ಲಿ ಬೆಳಗಿನ ಸಂತೆ. ಮಾರುವವರು ಹೆಚ್ಚಿನವರು ವಯಸ್ಸಾದ ಹೆಂಗಸರು. ಕೂಗುವುದಿಲ್ಲ, ಕೈ ಹಿಡಿದು ಎಳೆಯುವುದಿಲ್ಲ. ಸಾಗರದ ಸಂತೆಯಿಂದ ಸದ್ದನ್ನೆಲ್ಲ ತೆಗೆದಿಟ್ಟ ಹಾಗಿತ್ತು. ಕೆಂಪು ಗಡ್ಡೆಯ ಉಪ್ಪಿನಕಾಯಿ ಮಾರುತ್ತಿದ್ದ ಅಜ್ಜಿ ರುಚಿ ನೋಡಲು ಕಡ್ಡಿಯಲ್ಲಿ ಚುಚ್ಚಿ ಕೊಟ್ಟಳು. ಇದಕ್ಕೆ ಒಗ್ಗರಣೆ ಒಂದು ಬಿದ್ದಿದ್ದರೆ ಎಂದು ಹೇಳಲು ತಿರುಗಿದರೆ ಗಿರಿಜಕ್ಕ ಪಕ್ಕದಲ್ಲಿರಲಿಲ್ಲ. ಕೆಂಪು ಬಣ್ಣದ ಸೇತುವೆಯ ಕಂಬ ತಬ್ಬಿಕೊಂಡು ನಿಂತಿದ್ದರು.

"ಎಂತ ಮಾರಾಯ್ತಿ ಇದು, ಕಣ್ಣು ಬಿಟ್ರೆ ಎರಡೆರಡು ಸೇತುವೆ ಕಾಣ್ತದೆ," ಎಂದರು. ನಾಲಿಗೆ ದಪ್ಪಗಾದವರ ಮಾತಿನ ಹಾಗಿತ್ತು. ಹೆಜ್ಜೆ ಇಟ್ಟರೆ ಒಂದೇ ಕಡೆಗೆ ವಾಲುತ್ತಿದ್ದರು. ಉಪ್ಪಿನಕಾಯಿ ಅಜ್ಜಿ ತಾನು ಕೂತಿದ್ದ ಸ್ಟೂಲನ್ನೇ ತಂದಿಟ್ಟಳು. ನಮ್ಮ ಗೈಡ್ ಯೂಕಿ ಓಡಿಬಂದಳು. ಇಂಗ್ಲಿಷ್ ಬಲ್ಲ ಹುಡುಗಿ. ಬೆಳಿಗ್ಗೆಯಿಂದ ಏನೇನು ತಿಂದಿರಿ ಎಂದು ಕೇಳಿದಳು, ನಾನು ಕನ್ನಡದಲ್ಲಿ ಕೇಳಿದೆ. ಅನ್ನ, ಸಪ್ಪೆ ಸಾರು, ಊರಿಂದ ತಂದ ಚಟ್ನಿಪುಡಿ. ಮತ್ತೆ?

"ಮತ್ತೆಂತ, ನಿನ್ನ ಕ್ಯಾಲ್ಸಿಯಂ. ನನ್ನದು ದೊಡ್ಡ ಸೂಟ್‌ಕೇಸಲ್ಲಿ ಉಳ್ಕಂಡಿದೆ. ಮೂರು ದಿನದಿಂದ ನಿಂದೇ ಒಂದೊಂದು ತಗಳ್ತಿದ್ದೆ. ನಿನ್ನೆ ಮೆಟ್ಲು ಹತ್ತಿ ಮಂಡಿ ಹಿಡ್ಕಂಡಿತ್ತಲ್ಲ, ಇವತ್ತು ಎರಡು."

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಬೀದಿಯಲ್ಲಿ ಮಾತ್ರೆ ಕೇಳಿ ತೆಗೆದುಕೊಳ್ಳುವ ವಸ್ತುವೇ ಅಲ್ಲ. ಪ್ರತಿ ಮನೆಯಲ್ಲೂ ಒಂದು ಹಳೆಯ ಬಿಸ್ಕತ್ತಿನ ಡಬ್ಬ, ಅದರ ತುಂಬ ಅರ್ಧ ಉಳಿದ ಮಾತ್ರೆಗಳು. ಯಾರಿಗೋ ಜ್ವರ ಎಂದರೆ ಕತ್ತರಿಯಲ್ಲಿ ಎರಡು ಕತ್ತರಿಸಿ, ನನಗೆ ಇದರಲ್ಲೇ ಕಡಿಮೆಯಾಯಿತು ಎಂದು ಕಾಂಪೌಂಡಿನ ಮೇಲಿಂದ ದಾಟಿಸುತ್ತೇವೆ. ಕರಿಬೇವು ಕೊಟ್ಟ ಹಾಗೆ. ನನ್ನ ಡಬ್ಬಿಗೆ ಗಿರಿಜಕ್ಕ ಕೈ ಹಾಕಿದ್ದು ನೆರೆಯವಳ ಹಕ್ಕಿನಿಂದ. ನಾನು ಡಬ್ಬಿಯ ಮೇಲೆ ಸುಳ್ಳು ಬರೆದಿಟ್ಟಿದ್ದೆ.

ಯೂಕಿಗೆ, ಕ್ಯಾಲ್ಸಿಯಂ ತೆಗೆದುಕೊಂಡಿದ್ದಾರೆ ಎಂದಷ್ಟೇ ಹೇಳಿದೆ.

ಕ್ಲಿನಿಕ್ಕಿನ ಬೆಂಚು

ಕ್ಲಿನಿಕ್ಕಿನ ಬಾಗಿಲಲ್ಲಿ ಶೂ ಬಿಚ್ಚಿ ಅವರ ಚಪ್ಪಲಿ ಹಾಕಿಕೊಳ್ಳಬೇಕು. ಯೂಕಿ ಒಂದು ಅರ್ಜಿ ತುಂಬಿದಳು. ಈಗ ಸೇವಿಸುತ್ತಿರುವ ಔಷಧ ಎಂಬಲ್ಲಿ ಕ್ಯಾಲ್ಸಿಯಂ ಎಂದು ಅವರ ಲಿಪಿಯಲ್ಲಿ ಬರೆದಳು. ಅದನ್ನು ನೋಡುತ್ತ ನಾನು ಸುಮ್ಮನೆ ಕೂತೆ. ಗಿರಿಜಕ್ಕನನ್ನು ಒಳಗೆ ಕರೆದೊಯ್ದರು.

ಹೊರಗೆ ಹೋಗಿ ಮನೆಗೆ ಫೋನ್ ಮಾಡಿದೆ. ಊರಲ್ಲಿ ಇನ್ನೂ ಆರು ಗಂಟೆ. ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರಿಗೆ ಏನು ನೆನಪಾಯಿತೆಂದು ನನಗೂ ಗೊತ್ತಿತ್ತು. ತೀರ್ಥಹಳ್ಳಿ ಕಡೆಯ ಒಬ್ಬ ವಕೀಲ ಹುಡುಗನ ಮನೆಯವರು ಮುಂದಿನ ವಾರ ನಮ್ಮ ಮಗಳು ನಿಧಿಯನ್ನು ನೋಡಲು ಬರುವವರಿದ್ದರು. ಗಿರಿಜಕ್ಕ ಆ ಹುಡುಗನ ಸೋದರತ್ತೆ. ಸಂಬಂಧ ತಂದವರೂ ಅವರೇ.

"ಕ್ಯಾಲ್ಸಿಯಂ ಅಂತ ಹೇಳಿ ಆಗಿದೆಯಲ್ಲ, ಹಾಗೇ ಇರ್ಲಿ," ಎಂದರು. "ಅದು ಎರಡು ಮಾತ್ರೆಗೆ ಜೀವಕ್ಕೇನೂ ಆಗಲ್ಲ, ಸಂಜೆಗೆ ಇಳೀತದೆ. ಹದಿನೈದು ದಿನ ತಡಿ, ಸುಜಾತ. ಇಷ್ಟು ವರ್ಷ ತಡೆದಿದೀವಿ."

ಅವರು ಕೆಟ್ಟವರಲ್ಲ. ಒಬ್ಬ ತಂದೆ ಬೆಳಿಗ್ಗೆ ಆರು ಗಂಟೆಗೆ ಎಷ್ಟು ಯೋಚಿಸಬಲ್ಲನೋ ಅಷ್ಟು ಯೋಚಿಸಿದರು. ನಾನೂ ಸರಿ ಎಂದು ಒಳಗೆ ಬಂದು ಕೂತೆ.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬಳು ಮುದುಕಿ ಇದ್ದಳು. ಕೈಯಲ್ಲಿ ಅಂಗೈಯಗಲದ ಪುಸ್ತಕ, ಮೇಲೆ ಬೆಕ್ಕಿನ ಚಿತ್ರ. ಮೊಮ್ಮಕ್ಕಳದ್ದೇನೋ ಎಂದುಕೊಂಡೆ. ಯೂಕಿ ವಿವರಿಸಿದಳು: ಇದು ಮದ್ದಿನ ಪುಸ್ತಕ. ಯಾವ ಡಾಕ್ಟರು ಯಾವ ಮಾತ್ರೆ ಕೊಟ್ಟರು, ಎಷ್ಟು ದಿನಕ್ಕೆ, ಎಲ್ಲ ಇದರಲ್ಲಿ ಅಂಟಿಸುತ್ತಾರೆ. ಇಲ್ಲಿ ಹೆಚ್ಚಿನವರ ಹತ್ತಿರ ಒಂದು ಇರುತ್ತದೆ, ಎಲ್ಲಿ ಬಿದ್ದರೂ ಎತ್ತಿದವರಿಗೆ ಗೊತ್ತಾಗಲಿ ಎಂದು. ನಾನು ನೋಡುತ್ತಿರುವುದನ್ನು ಕಂಡು ಮುದುಕಿ ಪುಸ್ತಕ ಬಿಡಿಸಿ ನನ್ನ ತೊಡೆಯ ಮೇಲೇ ಇಟ್ಟಳು. ಪುಟ ತಿರುಗಿಸುತ್ತ ಎದೆ ಮುಟ್ಟಿ ತೋರಿಸಿದಳು, ಮಂಡಿ ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ಅಪರಿಚಿತಳಿಗೆ ತನ್ನ ದೇಹವನ್ನೆಲ್ಲ ಪರಿಚಯ ಮಾಡಿಕೊಟ್ಟು, ನಿನ್ನದೆಲ್ಲಿ ಎಂಬಂತೆ ನನ್ನ ಬ್ಯಾಗಿನ ಕಡೆ ಕತ್ತು ಚಾಚಿದಳು. ಬೆಳಿಗ್ಗೆ ಹೊರಡುವಾಗ ಕಪಾಟಿನ ಮೇಲಿಂದ ತೆಗೆದು ಹಾಕಿಕೊಂಡ ಡಬ್ಬಿ ಬ್ಯಾಗಿನಲ್ಲಿತ್ತು. ನಮಗೂ ಮದ್ದು ಸಿಕ್ಕಿತು, ಇವರಿಗೂ ಸಿಕ್ಕಿತು. ಇವರು ಅದಕ್ಕೊಂದು ಪುಸ್ತಕ ಹೊಲಿದುಕೊಂಡರು, ನಾವು ಬಚ್ಚಲೊಲೆ ಹುಡುಕಿಕೊಂಡೆವು.

ಅಷ್ಟರಲ್ಲಿ ಒಳಗಿನಿಂದ ಗಿರಿಜಕ್ಕ ಅಳುವುದು ಕೇಳಿಸಿತು.

ಪರದೆಯ ಈಚೆ

ಮಂಚದ ಮೇಲೆ ಅವರು ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದು ಮಲಗಿದ್ದರು. ಡಾಕ್ಟರು ವಯಸ್ಸಾದವರು, ಕನ್ನಡಕ ಹಣೆಯ ಮೇಲಿತ್ತು. ಯೂಕಿ ಹೇಳಿದಳು: ಮೆದುಳಿನಲ್ಲಿ ರಕ್ತಸ್ರಾವ ಆಗಿರಬಹುದೆಂದು ಅವರ ಅನುಮಾನ, ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಬೇಕು. ಗಿರಿಜಕ್ಕನಿಗೆ ಇಂಗ್ಲಿಷಿನ ಅಷ್ಟೂ ಅರ್ಥವಾಗದಿದ್ದರೂ ಆಂಬುಲೆನ್ಸ್ ಅರ್ಥವಾಗಿತ್ತು.

"ಸುಜಾತ, ನಂಗೆ ಲಕ್ವ ಹೊಡೀತೇನೆ? ನಮ್ಮ ಅಮ್ಮ ಹೀಗೇ ಹೋಗಿದ್ದು. ಇಲ್ಲೇ ಹೋದ್ರೆ ಊರಿಗೆ ಹ್ಯಾಗೆ ತಗಂಡ್ಹೋಗ್ತೀರಿ?"

ಆ ಒಂದು ಪ್ರಶ್ನೆಯ ಮುಂದೆ ನನ್ನ ಇಪ್ಪತ್ತಾರು ವರ್ಷದ ಜಾಗ್ರತೆ ಎಷ್ಟು ಸಣ್ಣದಾಗಿ ಕಂಡಿತೆಂದರೆ, ನಾಚಿಕೆಯಾಯಿತು. ರೋಗಕ್ಕಲ್ಲ. ಬೆಂಚಿನ ಮೇಲೆ ಸುಮ್ಮನೆ ಕೂತಿದ್ದ ಆ ಅರ್ಧ ಗಂಟೆಗೆ.

ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟೆ. ಇದು ಕ್ಯಾಲ್ಸಿಯಂ ಅಲ್ಲ ಎಂದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಇವರು ಎಷ್ಟು ದಿನದಿಂದ ಎಷ್ಟೆಷ್ಟು ನುಂಗಿದ್ದಾರೆ ಎಲ್ಲ ಇಂಗ್ಲಿಷಿನಲ್ಲಿ ಹೇಳಿ, ನನಗೆ ಮೂರ್ಛೆರೋಗವಿದೆ ಎಂದೆ. ಯೂಕಿ ಅದನ್ನು ಅನುವಾದಿಸುವಾಗ ರೋಗದ ಹೆಸರು ಬಂದ ಕಡೆ ದನಿ ತಗ್ಗಿಸಿ, ಪರದೆಯ ಆಚೆ ಕೂತವರ ಕಡೆ ನೋಡಿದಳು. ಬೆಕ್ಕಿನ ಪುಸ್ತಕದ ದೇಶದಲ್ಲೂ ಈ ಹೆಸರಿಗೆ ದನಿ ತಗ್ಗುತ್ತದೆ. ನಾನು ಅವಳ ಕೈ ಹಿಡಿದು, ಜೋರಾಗಿಯೇ ಹೇಳಮ್ಮ, ನನ್ನದೇ ಅದು ಎಂದೆ. ಆಮೇಲೆ ಮಂಚದ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದೆ. ಮದುವೆಯಾದ ಮೇಲೆ ಆ ಪದವನ್ನು ನನ್ನ ದನಿಯಲ್ಲಿ ನಾನೇ ಕೇಳಿದ್ದು ಅದೇ ಮೊದಲು. ಪರೀಕ್ಷೆಯ ಕೋಣೆಯಲ್ಲಿ ಏನೂ ಬೀಳಲಿಲ್ಲ, ಒಡೆಯಲಿಲ್ಲ.

ಗಿರಿಜಕ್ಕ ಅಳು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಇಬ್ಬರಾಗಿ ಕಾಣುತ್ತಿದ್ದೆನೋ ಏನೋ, ಒಂದು ಕಣ್ಣು ಮುಚ್ಚಿಕೊಂಡು ನೋಡಿದರು.

"ಯಾವಾಗಿಂದ?"

"ಹದಿಮೂರು ವರ್ಷ ಇದ್ದಾಗಿಂದ."

ಅವರು ಗೋಡೆಯ ಕಡೆ ಹೊರಳಿಕೊಂಡರು.

ಡಾಕ್ಟರು ಮತ್ತೊಮ್ಮೆ ಅವರ ಕಣ್ಣು, ಕೈ, ಕಾಲು ಪರೀಕ್ಷಿಸಿದರು. ಹೃದಯದ ಇಸಿಜಿ ತೆಗೆಸಿದರು, ರಕ್ತ ತೆಗೆದರು. ಆಂಬುಲೆನ್ಸ್ ಬೇಡ, ಮಧ್ಯಾಹ್ನದವರೆಗೆ ಇಲ್ಲೇ ಮಲಗಿಸಿ ನೋಡುತ್ತೇವೆ, ಅಭ್ಯಾಸವಿಲ್ಲದ ಮೈಗೆ ಈ ಮಾತ್ರೆ ಹೀಗೆ ಮಾಡುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಉಳಿದ ದಿನಕ್ಕೆ ನಿಮಗೆ ಸಾಕಷ್ಟಿದೆಯೇ, ಕೊನೆಯ ಸಲ ಯಾವಾಗ ಬಿದ್ದಿರಿ ಎಂದು ಕೇಳಿದರು. ಎಣಿಸಿ ನೋಡಿ ಸಾಕಷ್ಟಿದೆ ಎಂದೆ, ವರ್ಷ ಹೇಳಿದೆ. ಅವರು ತಲೆದೂಗಿದರು. ಯಾರೋ ಪರೀಕ್ಷೆ ಪಾಸಾದಾಗ ಮೇಷ್ಟ್ರು ಮಾಡುವ ಹಾಗೆ. ಕೊನೆಗೆ ಡಬ್ಬಿ ಎತ್ತಿ, ಅದರ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತಟ್ಟಿ, ಇದು ಯಾಕೆ ಎಂದರು. ಅವರು ತಾವೇ ಒಂದು ಬಿಳಿ ಪಟ್ಟಿ ಅಂಟಿಸಿ, ಮಾತ್ರೆಯ ನಿಜ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು.

ಮಧ್ಯಾಹ್ನ, ಮತ್ತೆ ವಸತಿಮನೆ

ಮೂರು ಗಂಟೆಯ ಹೊತ್ತಿಗೆ ಗಿರಿಜಕ್ಕನಿಗೆ ಸೇತುವೆಗಳು ಒಂದೊಂದೇ ಕಾಣತೊಡಗಿದ್ದವು. ಟ್ಯಾಕ್ಸಿಯಲ್ಲಿ ಕರೆತಂದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತರು. ಕೋಣೆಗೆ ಬಂದವರೇ ಮಲಗಿದರು. ಯಜಮಾನಿ ಮಡಿಸಿಟ್ಟ ಹಾಸಿಗೆಯನ್ನು ಮತ್ತೆ ಬಿಡಿಸಿಕೊಟ್ಟಳು.

ವರಾಂಡದಲ್ಲಿ ಕೂತು ನಮ್ಮ ಮನೆಯವರಿಗೆ ಹೇಳಿಬಿಟ್ಟೆ ಎಂದು ತಿಳಿಸಿದೆ. ಹುಡುಗನ ಕಡೆಯವರು ಇನ್ನು ಬರುವುದಿಲ್ಲ, ನಿನಗೆ ಮಗಳಿಗಿಂತ ನೆರೆಮನೆ ಹೆಚ್ಚಾಯಿತೇ ಎಂದರು. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಾನೂ ಏರಿಸದೆ ಹೇಳಿದೆ: ನನ್ನ ಮಾತ್ರೆಯನ್ನು ಕಂಡು ಹೆದರುವ ಮನೆಗೆ ನಿಧಿ ಹೋದರೆ, ನಾಳೆ ಅವಳಿಗೆ ಬರೀ ತಲೆನೋವು ಬಂದರೂ ಅದನ್ನು ಯಾವುದೋ ಡಬ್ಬಿಯಲ್ಲಿ ಮುಚ್ಚಿಡಬೇಕಾಗುತ್ತದೆ. ನಾನು ಒಬ್ಬಳು ಮುಚ್ಚಿಟ್ಟದ್ದು ಸಾಕು. ಅವರು, ಆಯ್ತು, ನೀನು ಹುಷಾರು ಎಂದು ಫೋನಿಟ್ಟರು.

ಇನ್ನು ಮಗಳಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದೆಂದು ಅವಳಿಗೆ ಬರೆದೆ. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಹೇಳುವವಳು. ನಾಲ್ಕು ಸಲ ಬರೆದು ಅಳಿಸಿ, ಐದನೆಯ ಸಲ ಒಂದೇ ವಾಕ್ಯ ಕಳಿಸಿದೆ. ತಕ್ಷಣ ಉತ್ತರ ಬಂತು: "ಅಮ್ಮಾ, ನಂಗೆ ಒಂಬತ್ತನೇ ಕ್ಲಾಸಲ್ಲೇ ಗೊತ್ತಿತ್ತು. ಕ್ಯಾಲ್ಸಿಯಂ ತಗಳ್ಳೋಕೆ ಯಾರಾದ್ರೂ ಅಲಾರಂ ಇಟ್ಕೊತಾರಾ? ನೀನು ಹೇಳ್ಲಿ ಅಂತ ಸುಮ್ನಿದ್ದೆ."

ನಾನು ಬೇಲಿ ಕಟ್ಟಿ ಕಾಯುತ್ತಿದ್ದ ತೋಟದೊಳಗೆ ಮಗಳು ಹತ್ತು ವರ್ಷದಿಂದ ಓಡಾಡಿಕೊಂಡಿದ್ದಳು. ನಗು ಬಂತು, ಅಳುವೂ ಬಂತು. ವಸತಿಮನೆಯ ಯಜಮಾನಿ ದೂರದಿಂದ ನೋಡಿ, ಒಂದು ಬಟ್ಟಲು ಚಹಾ ತಂದಿಟ್ಟು ಹೋದಳು.

ಊಟದ ಕೋಣೆ, ಸಂಜೆ

ಇಲ್ಲಿ ಸಂಜೆ ಆರಕ್ಕೇ ಊಟ. ಗಿಡ್ಡ ಮೇಜುಗಳ ಎರಡೂ ಬದಿಗೆ ಹದಿನಾಲ್ಕೂ ಜನ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತೆವು. ಸಾರಿಗೆ ಮೀನಿನ ನೀರು ಹಾಕಿಲ್ಲವಷ್ಟೇ ಎಂದು ಯೂಕಿ ಎಂದಿನಂತೆ ಅಡಿಗೆಮನೆಗೆ ಹೋಗಿ ಕೇಳಿಕೊಂಡು ಬಂದಳು. ಗಿರಿಜಕ್ಕನಿಗೆ ಏನಾಗಿತ್ತು ಎಂದು ಎಲ್ಲರೂ ವಿಚಾರಿಸಿದರು. ಅವರು ಎದುರು ಸಾಲಿನಲ್ಲಿ, ನನ್ನಿಂದ ನಾಲ್ಕು ಜನ ದೂರ ಕೂತಿದ್ದರು. ಸಾಗರ ಬಿಟ್ಟ ಮೇಲೆ ಮೊದಲ ಸಲ ಹಾಗೆ ದೂರ ಕೂತದ್ದು. ಮಾತ್ರೆ ಅದಲುಬದಲಾಯಿತು ಎಂದಷ್ಟೇ ಹೇಳಿ ಅನ್ನಕ್ಕೆ ಚಟ್ನಿಪುಡಿ ಕಲಸತೊಡಗಿದರು.

ಯಾರ ಮಾತ್ರೆ ಎಂದು ಇನ್ನೊಬ್ಬರು ಕೇಳಿದರು. ನಾನು ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟೆ. ಸಂಜೆಯ ಮಾತ್ರೆ ನುಂಗಲು ಇವತ್ತು ಎದ್ದು ಬಚ್ಚಲಿಗೆ ಹೋಗುವುದಿಲ್ಲ ಎಂದು ಮಧ್ಯಾಹ್ನವೇ ತೀರ್ಮಾನಿಸಿದ್ದೆ. ಡಬ್ಬಿಯನ್ನು ಮೇಜಿನ ಮೇಲೆ, ಉಪ್ಪಿನಕಾಯಿಯ ಬಟ್ಟಲಿನ ಪಕ್ಕ, ಹೊಸ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಬಾಯಿ ತೆರೆಯುವ ಮೊದಲೇ ಗಿರಿಜಕ್ಕನ ದನಿ ಕೇಳಿಸಿತು. ತಲೆ ಎತ್ತಿರಲಿಲ್ಲ. ಬಾಯಲ್ಲಿ ತುತ್ತು ಇತ್ತು.

"ಆ ನೀರಿನ ಜಗ್ಗು ಸುಜಾತನ ಕಡೆ ದಾಟ್ಸಿ ಮಾರಾಯ್ರೆ, ಅವಳಿಗೆ ಮೂರ್ಛೆ ಮಾತ್ರೆಗೆ ಹೊತ್ತಾಯ್ತು. ಹಾಗೇ ಆ ಕುಂಬಳಕಾಯಿ ಬಜ್ಜಿ ಇತ್ಲಾಗೆ ಬರ್ಲಿ."